ಹಿಂಡಲು ಅರ್ಧ ಗಂಟೆ, ಉಳಿದದ್ದು ನಡಿಗೆ

ಸಿಂಧನೂರು, ಕುಷ್ಟಗಿ ಕಡೆ ಎರಡು ಎಚ್‌ಎಫ್ ಕ್ರಾಸ್ (ಹೋಲ್‌ಸ್ಟೀನ್ ಫ್ರೀಸಿಯನ್ ಮಿಶ್ರತಳಿ) ಆಕಳು ಕಟ್ಟಿಕೊಂಡವರನ್ನು ಕೇಳಿ ನೋಡಿ, ದಿನಕ್ಕೆ ಎಷ್ಟು ಹೊತ್ತಿನ ಕೆಲಸ ಅಂತ. ಗಂಡಸರಾದರೆ ‘ಏನ್ರೀ, ಹಾಲು ಹಿಂಡಿ ಡೇರಿಗೆ ಹಾಕೋದು’ ಅಂತಾರೆ. ಹೆಂಗಸರು ನಕ್ಕು ಸುಮ್ಮನಾಗುತ್ತಾರೆ. ಹೆಂಡಿ ಬಾಚಿ, ಕಸ ಹೊಡೆದು, ನೀರು ತುಂಬಿಸಿದ ಮೇಲೆ ತಾನೇ ಹಿಂಡುವ ಮಾತು.

ಲೆಕ್ಕ ಹಾಕಿದರೆ ಹಿಂಡುವುದೇ ಕಡಿಮೆ ಹೊತ್ತಿನ ಕೆಲಸ. ಕೈ ಪಳಗಿದವರು ನಿಮಿಷಕ್ಕೆ ಒಂದು ಲೀಟರ್ ಆರಾಮಾಗಿ ಹಿಂಡುತ್ತಾರೆ. ಹೊತ್ತಿಗೆ ನಾಲ್ಕು ಲೀಟರ್ ಕೊಡುವ ಎರಡು ಆಕಳಿಗೆ, ಕೆಚ್ಚಲು ತೊಳೆಯುವುದೂ ಸೇರಿ, ಎರಡು ಹೊತ್ತಿನದು ಅರ್ಧ ಗಂಟೆ. ಇದನ್ನು ಎಳೆದಾಡುವ ಹಾಗೂ ಇಲ್ಲ. ಕರು ಬಾಯಿ ಹಾಕಿದಾಗ ಅಥವಾ ಕೆಚ್ಚಲು ತಿಕ್ಕಿದಾಗ ಆಕಳ ಮಿದುಳಿನ ಬುಡದ ಗ್ರಂಥಿಯಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕೆ ಬರುತ್ತದೆ. ಒಂದು ನಿಮಿಷದ ಆಸುಪಾಸಿನಲ್ಲಿ ಆಕಳು ಸೊರೆ ಬಿಡುತ್ತದೆ, ಅಂದರೆ ಹಾಲು ಮೊಲೆಗೆ ಇಳಿಸುತ್ತದೆ. ಅದರ ಪ್ರಭಾವ ಐದಾರು ನಿಮಿಷ ಅಷ್ಟೇ. ನಡುವೆ ಎದ್ದು ಫೋನಿನಲ್ಲಿ ಮಾತಾಡಿ ಬಂದರೆ ಉಳಿದ ಹಾಲು ಕೆಚ್ಚಲಲ್ಲೇ ಉಳಿಯುತ್ತದೆ. ಬೈದು ಹೊಡೆದರೂ ಅಷ್ಟೇ. ಹೆದರಿದ ಆಕಳ ಮೈಯಲ್ಲಿ ಅಡ್ರಿನಲಿನ್ ಏರಿ ಸೊರೆ ನಿಂತುಹೋಗುತ್ತದೆ.

ಹಾಗಾದರೆ ಉಳಿದ ಹೊತ್ತೆಲ್ಲ ಎಲ್ಲಿ ಹೋಯಿತು? ಕಾಲಿಗೆ ಹೋಯಿತು. ರಾಯಚೂರಿನ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹಾಲು ಕೊಡುವ ಕ್ರಾಸ್ ಆಕಳು ಆಗ ದಿನಕ್ಕೆ 70-80 ಲೀಟರ್ ನೀರು ಕುಡಿಯುವುದು ಸಾಮಾನ್ಯ. ಎರಡಕ್ಕೆ 150 ಲೀಟರ್, ಅಂದರೆ 15 ಲೀಟರಿನ ಹತ್ತು ಕೊಡ. ನಳ 50 ಮೀಟರ್ ದೂರ ಇದ್ದರೆ ಹೋಗಿ ಬರುವುದು ಒಂದು ಕಿಲೋಮೀಟರ್, ಅರ್ಧ ದಾರಿ ಕೊಡ ಹೊತ್ತು. ಹೆಂಡಿ ಒಂದು ಆಕಳಿಗೆ 20-25 ಕೆಜಿ. ಎರಡರದ್ದು ಮೂರು ದೊಡ್ಡ ಪುಟ್ಟಿ. ತಿಪ್ಪೆ 100 ಮೀಟರ್ ಆಚೆ ಇದ್ದರೆ ಇನ್ನೂ 600 ಮೀಟರ್. ಕಣಕಿ ಬಣವೆ ಮತ್ತೊಂದು ಮೂಲೆಯಲ್ಲಿ, ಹಿಂಡಿ ಚೀಲ ಮನೆಯೊಳಗೆ. ಮರೆತು ಬಿಟ್ಟ ಬಕೆಟ್ಟಿಗೆ ಇನ್ನೊಂದು ಸುತ್ತು ಬೇರೆ!

ಇದನ್ನು ಗಡಿಯಾರ ಹಿಡಿದು ಅಳೆದವರೂ ಇದ್ದಾರೆ. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ 1943ರಲ್ಲಿ ಪ್ರಕಟವಾದ ಒಂದು ಅಧ್ಯಯನದ ವಿಷಯವೇ ಕೊಟ್ಟಿಗೆಯ ದಿನದ ಕೆಲಸ. ಯುದ್ಧದ ಕಾಲ, ಆಳು ಸಿಗುತ್ತಿರಲಿಲ್ಲ. ಇಪ್ಪತ್ತೆರಡು ಹಸುಗಳ ಒಂದು ಕೊಟ್ಟಿಗೆಯಲ್ಲಿ ಸಾಮಾನು ಇಡುವ ಜಾಗ ಬದಲಿಸಿದರು, ಕೆಲಸದ ಸರದಿ ಬದಲಿಸಿದರು. ದಿನದ ಕೆಲಸ ಸುಮಾರು ಐದೂಮುಕ್ಕಾಲು ಗಂಟೆಯಿಂದ ಮೂರೂಮುಕ್ಕಾಲಕ್ಕೆ ಇಳಿಯಿತು. ನಡಿಗೆ ಸುಮಾರು ಐದು ಕಿಲೋಮೀಟರಿನಿಂದ ಎರಡಕ್ಕೆ.

ಸರದಿಯ ವಿಷಯದಲ್ಲಿ ನಮ್ಮ ಕಡೆ ಆಗಬೇಕಾದ್ದು ಒಂದಿದೆ. ಹಿಂಡಿದ ಮೇಲೆ ಮೊಲೆಯ ರಂಧ್ರ ಮುಚ್ಚಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಅಷ್ಟರಲ್ಲಿ ಆಕಳು ಹೆಂಡಿಯ ಮೇಲೆ ಮಲಗಿದರೆ ರೋಗಾಣು ಒಳಹೊಕ್ಕು ಕೆಚ್ಚಲು ಬಾವು ಬರಬಹುದು. ಆದ್ದರಿಂದ ಗ್ವಾದಲಿಗೆ ಮೇವು ಹಾಕುವ ಕೆಲಸವನ್ನು ಹಿಂಡಿದ ಕೂಡಲೇ ಇಟ್ಟುಕೊಳ್ಳಬೇಕು. ಮೇಯುತ್ತಾ ನಿಂತೇ ಇರುತ್ತದೆ. ಒಂದು ನಿಮಿಷವೂ ಜಾಸ್ತಿ ಖರ್ಚಿಲ್ಲ, ಡಾಕ್ಟರ ಹಿಂದೆ ಓಡಾಡುವ ದಿನಗಳು ಉಳಿಯುತ್ತವೆ.

ನೆಲವೂ ಹೊತ್ತು ತಿನ್ನುತ್ತದೆ. ಬಂಡೆ ಹಾಸಿದ ಕೊಟ್ಟಿಗೆ ನೋಡಲು ಗಟ್ಟಿ, ಆದರೆ ಸಂದಿಯಲ್ಲಿ ಕೂತ ಗಂಜಳವನ್ನು ಕಸಬರಿಗೆಯಿಂದ ಎಷ್ಟು ಗುಡಿಸಿದರೂ ಹೋಗಲ್ಲ. ಸಂದಿ ತುಂಬಿಸಿ, ಮೀಟರಿಗೆ ಎರಡು ಸೆಂಟಿಮೀಟರ್ ಇಳಿಜಾರು ಕೊಟ್ಟರೆ ನೀರು ತಾನೇ ಕಾಲುವೆಗೆ ಹರಿಯುತ್ತದೆ.

ಹಾಲು ಹಿಂಡುವ ಮಷೀನು? ಎರಡು ಆಕಳಿಗೆ ಸುಮ್ನೆ ಖರ್ಚು ಅಂತ ನನ್ನ ಅಭಿಪ್ರಾಯ. ಅದರ ಪೈಪು, ಕಪ್ಪು, ಕ್ಯಾನು ಪ್ರತಿ ಸಲ ತೊಳೆಯಬೇಕು. ಮಷೀನಿನಿಂದ ಉಳಿಸಿದ ಹೊತ್ತು ಅಲ್ಲೇ ಹೋಗುತ್ತದೆ. ಎಂಟ್ಹತ್ತು ಆಕಳಿದ್ದರೆ ಮಾತು ಬೇರೆ.

ರಾಬಕೊವಿ (ರಾಯಚೂರು, ಬಳ್ಳಾರಿ, ಕೊಪ್ಪಳ, ವಿಜಯನಗರ) ಹಾಲು ಒಕ್ಕೂಟದ ಡೇರಿಗಳಲ್ಲಿ ಹಾಲಿನ ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ಅಳೆಯುತ್ತಾರೆ. ಲೀಟರಿಗೆ ಹೋದ ನಿಮಿಷವನ್ನು ಮನೆಯವರೇ ಅಳೆದುಕೊಳ್ಳಬೇಕು. ಚಳಿಗಾಲದಲ್ಲಿ ಮೂರು ಗಂಟೆ ದುಡಿದು 16 ಲೀಟರ್ ಸಿಕ್ಕರೆ ಲೀಟರಿಗೆ ಹನ್ನೊಂದು ನಿಮಿಷ. ಬೇಸಿಗೆಯಲ್ಲಿ ತುಂಗಭದ್ರಾ ಕಾಲುವೆ ಬಂದ್, ಹಸಿ ಮೇವಿಲ್ಲ, ನೀರಿನ ಕೊಡ ಜಾಸ್ತಿ, ಹಾಲು ಕಡಿಮೆ. ಮೂರೂವರೆ ಗಂಟೆಗೆ 12 ಲೀಟರ್ ಅಂದುಕೊಂಡರೂ ಹದಿನೇಳೂವರೆ ನಿಮಿಷ ಆಯ್ತು. ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಯುಗಾದಿಯೊಳಗೆ ಗ್ವಾದಲಿ ಪಕ್ಕ ಒಂದು ನೀರಿನ ತೊಟ್ಟಿ ಕಟ್ಟಿಸಿ, ನಳದಿಂದ ಅದಕ್ಕೊಂದು ಪೈಪು ಎಳೆಸಿಬಿಡಿ. ಆ ಹತ್ತು ಕೊಡ ಅಲ್ಲಿಗೆ ತಪ್ಪುತ್ತದೆ.