ಮುಳ್ಳು ಕುಣಿದರೆ ಮೀಟರ್ ಬಿಚ್ಚಬೇಡಿ

ಹಳೆಯ ಕಾರು ಒಂದೇ ವೇಗದಲ್ಲಿ ಹೋಗುತ್ತಿದೆ. ಸ್ಪೀಡೋಮೀಟರಿನ ಮುಳ್ಳು ಮಾತ್ರ 30 ತೋರಿಸಿ, 60ಕ್ಕೆ ಹಾರಿ, ಮತ್ತೆ ಕೆಳಗೆ ಬೀಳುತ್ತಿದೆ. ಮೀಟರೇ ಹೋಯ್ತು ಅಂತ ಡ್ಯಾಶ್‌ಬೋರ್ಡ್ ಬಿಚ್ಚುವವರೇ ಜಾಸ್ತಿ. ಆದರೆ ಇಂಥ ಕುಣಿತಕ್ಕೆ ಕಾರಣ ಸಾಮಾನ್ಯವಾಗಿ ಮೀಟರಲ್ಲ, ಅದರ ಹಿಂದಿನ ಕೇಬಲ್.

ತಮಾಷೆ ಅಂದ್ರೆ, ಆ ಮುಳ್ಳನ್ನು ಯಾವ ಹಲ್ಲಿನ ಗಾಲಿಯೂ ತಳ್ಳುವುದಿಲ್ಲ. ಗೇರ್‌ಬಾಕ್ಸಿನ ಒಂದು ಪುಟ್ಟ ಗೇರ್ ಕೇಬಲನ್ನು ತಿರುಗಿಸುತ್ತದೆ. ಕೇಬಲ್ ಮೀಟರಿನೊಳಗೆ ಒಂದು ಆಯಸ್ಕಾಂತವನ್ನು ತಿರುಗಿಸುತ್ತದೆ. ಅದಕ್ಕೆ ಎಲ್ಲೂ ತಾಗದಂತೆ ಒಂದು ಅಲ್ಯೂಮಿನಿಯಂ ಬಟ್ಟಲು ಮುಚ್ಚಿಕೊಂಡಿದೆ. ಮುಳ್ಳು ಕೂತಿರುವುದು ಆ ಬಟ್ಟಲಿನ ಕಡ್ಡಿಯ ಮೇಲೆ.

ಅಲ್ಯೂಮಿನಿಯಂಗೆ ಆಯಸ್ಕಾಂತ ಅಂಟುವುದಿಲ್ಲ, ಅಲ್ವಾ? ಆದರೆ ಪಕ್ಕದಲ್ಲಿ ಆಯಸ್ಕಾಂತ ತಿರುಗಿದಾಗ ಬಟ್ಟಲಿನ ಲೋಹದೊಳಗೆ ಸುಳಿಸುಳಿಯಾಗಿ ವಿದ್ಯುತ್ ಹರಿಯುತ್ತದೆ. ಆ ವಿದ್ಯುತ್ತಿಗೆ ತನ್ನದೇ ಕಾಂತಬಲ. ಅದರಿಂದಾಗಿ ಬಟ್ಟಲೂ ಆಯಸ್ಕಾಂತದ ಹಿಂದೆ ತಿರುಗಲು ನೋಡುತ್ತದೆ. ಕೂದಲಿನಷ್ಟು ಸಣ್ಣ ಸ್ಪ್ರಿಂಗ್ ಒಂದು ಅದನ್ನು ಹಿಡಿದು ನಿಲ್ಲಿಸುತ್ತದೆ. ವೇಗ ಎರಡರಷ್ಟಾದರೆ ಎಳೆತವೂ ಎರಡರಷ್ಟು, ಮುಳ್ಳು ಸರಿಯುವುದೂ ಎರಡರಷ್ಟು. ಜರ್ಮನಿಯ ಓಟ್ಟೊ ಶುಲ್ಟ್ಸೆ 1902ರಲ್ಲಿ ಪೇಟೆಂಟ್ ಪಡೆದದ್ದು ಈ ಬಗೆಯ ಮೀಟರಿಗೇ.

ಮತ್ತೆ ಕುಣಿತ ಯಾಕೆ? ಕೇಬಲಿನ ಒಳಗಿರುವುದು ಉಕ್ಕಿನ ಎಳೆಗಳನ್ನು ಹೊಸೆದ ಉದ್ದನೆಯ ತಂತಿ. ಹೊರಕವಚದೊಳಗೆ ಗ್ರೀಸ್ ಒಣಗಿದರೆ ತಂತಿ ಅಲ್ಲಲ್ಲಿ ಕಚ್ಚಿಕೊಳ್ಳುತ್ತದೆ. ಗೇರ್‌ಬಾಕ್ಸಿನ ತುದಿ ತಿರುಗುತ್ತಲೇ ಇರುತ್ತದೆ, ಮೀಟರಿನ ತುದಿ ತಡೆಯುತ್ತದೆ. ನಡುವಿನ ತಂತಿ ಹುರಿಗೊಳ್ಳುತ್ತಾ ಹೋಗಿ ಒಮ್ಮೆಲೇ ಬಿಟ್ಟುಕೊಳ್ಳುತ್ತದೆ. ತಡೆದಾಗ ಮುಳ್ಳು ಬೀಳುತ್ತದೆ, ಬಿಟ್ಟಾಗ ನೆಗೆಯುತ್ತದೆ. ನಿಧಾನವಾಗಿ ಹೋಗುವಾಗ ಇದು ಎದ್ದು ಕಾಣುತ್ತದೆ.

ಒಳತಂತಿಯನ್ನು ಹೊರಗೆಳೆದು ಒರೆಸಿ. ಎರಡೂ ತುದಿ ಹಿಡಿದು, ತೊಟ್ಟಿಲಿನಂತೆ ಕೆಳಗೆ ಬಾಗಲು ಬಿಡಿ. ಈಗ ಒಂದು ತುದಿಯನ್ನು ಬೆರಳಿನಲ್ಲಿ ಮೆಲ್ಲಗೆ ಹೊರಳಿಸಿ. ಇನ್ನೊಂದು ತುದಿ ಜೊತೆಜೊತೆಗೇ ತಿರುಗಿದರೆ ತಂತಿ ಚೆನ್ನಾಗಿದೆ. ಒಂದು ಕಡೆ ತಡೆದು ಟಕ್ಕನೆ ಮಗುಚಿಕೊಂಡರೆ ಅಲ್ಲಿ ಮಡಿಕೆ ಬಿದ್ದಿದೆ, ಎಷ್ಟು ಗ್ರೀಸ್ ಬಳಿದರೂ ಪ್ರಯೋಜನವಿಲ್ಲ. ಚೆನ್ನಾಗಿರುವ ತಂತಿಗೆ ತೆಳುವಾಗಿ ಗ್ರೀಸ್ ಸವರಿ, ಮೀಟರಿನ ಕಡೆಯ ಒಂದು ಗೇಣು ಬಿಟ್ಟು. ಹೊಸೆದ ತಂತಿ ತಿರುಗುವಾಗ ಗ್ರೀಸನ್ನು ಮೇಲಕ್ಕೆ ಸಾಗಿಸಬಲ್ಲದು. ಅದು ಆಯಸ್ಕಾಂತ, ಬಟ್ಟಲುಗಳ ನಡುವೆ ಸೇರಿ ಅವನ್ನು ಅಂಟಿಸಿದರೆ ಮುಳ್ಳು ಕೊನೆಯ ಅಂಕಿಗೇ ಹೋಗಿ ಕೂರುತ್ತದೆ. ಗೇರ್‌ಬಾಕ್ಸಿನ ಸೀಲ್ ಸವೆದಾಗ ಅಲ್ಲಿನ ಎಣ್ಣೆಯೂ ಇದೇ ದಾರಿ ಹಿಡಿಯುತ್ತದೆ. ಜಾಸ್ತಿ ಗ್ರೀಸ್ ಒಳ್ಳೆಯದು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಮುಳ್ಳು ಪೂರ್ತಿ ಸತ್ತಿದ್ದರೆ, ಕಾರು ಓಡಿದ ದೂರ ತೋರಿಸುವ ಓಡೋಮೀಟರ್ ಕಡೆ ನೋಡಿ. ಅದನ್ನು ತಿರುಗಿಸುವುದೂ ಅದೇ ಕೇಬಲ್, ಆದರೆ ಹಲ್ಲಿನ ಗಾಲಿಗಳ ಮೂಲಕ. ಎರಡೂ ನಿಂತಿವೆಯೇ? ಕೇಬಲ್ ತುಂಡಾಗಿದೆ, ಕಳಚಿದೆ, ಇಲ್ಲವೇ ಗೇರ್‌ಬಾಕ್ಸಿನ ಆ ಪುಟ್ಟ ಗೇರಿನ ಹಲ್ಲು ಹೋಗಿದೆ. ಕಿಲೋಮೀಟರ್ ಏರುತ್ತಿದ್ದು ಮುಳ್ಳು ಮಾತ್ರ ಮಲಗಿದ್ದರೆ ತೊಂದರೆ ಬಟ್ಟಲು, ಸ್ಪ್ರಿಂಗುಗಳ ಕಡೆ. ಮುಳ್ಳು ಸರಿಯಿದ್ದು ಅಂಕಿಗಳು ನಿಂತಿದ್ದರೆ ಓಡೋಮೀಟರಿನ ಗೇರ್ ಸವೆದಿದೆ. ಡ್ಯಾಶ್‌ಬೋರ್ಡಿನ ಒಳಗಿಂದ ಕಿರುಗುಟ್ಟುವ ಸದ್ದು ಬಂದರೆ ಕೇಬಲೋ, ಆಯಸ್ಕಾಂತದ ಕಡ್ಡಿ ಕೂರುವ ಜಾಗವೋ ಒಣಗಿದೆ.

ಮುಳ್ಳು ನೆಟ್ಟಗೆ ನಿಂತು ತಪ್ಪು ವೇಗ ತೋರಿಸುವುದೂ ಉಂಟು. ಆಯಸ್ಕಾಂತದ ಬಲ ಕುಗ್ಗಿದರೆ ಕಡಿಮೆ ತೋರಿಸುತ್ತದೆ, ಸ್ಪ್ರಿಂಗ್ ಸಡಿಲವಾದರೆ ಜಾಸ್ತಿ. ಆದರೆ ಮೊದಲು ಟೈರಿನ ಅಳತೆ ನೋಡಿ. ಮೀಟರ್ ಎಣಿಸುವುದು ಸುತ್ತುಗಳನ್ನು, ರಸ್ತೆಯನ್ನಲ್ಲ. ದೊಡ್ಡ ಟೈರ್ ಹಾಕಿದರೆ ನಿಜವಾದ ವೇಗಕ್ಕಿಂತ ಕಡಿಮೆಯೇ ಕಾಣುತ್ತದೆ.

ಹೊರತೆಗೆದ ಮೀಟರನ್ನು ನಿಧಾನವಾಗಿ ತಿರುಗುವ ಡ್ರಿಲ್ಲಿಗೆ ಜೋಡಿಸಿ ಪರೀಕ್ಷಿಸಬಹುದು. ಕೇಬಲಿನ 1000 ಸುತ್ತಿಗೆ ಒಂದು ಮೈಲಿ ಎಣಿಸುವ ಮೀಟರ್ ಆದರೆ ನಿಮಿಷಕ್ಕೆ 1000 ಸುತ್ತಿಗೆ ಗಂಟೆಗೆ 60 ಮೈಲಿ ತೋರಿಸಬೇಕು. ಯಾವ ಕಡೆ ತಿರುಗಬೇಕು ಅಂತ ಮೊದಲೇ ನೋಡಿಕೊಳ್ಳಿ. ಉಲ್ಟಾ ತಿರುಗಿಸಿದರೆ ಮುಳ್ಳು ಸೊನ್ನೆಯ ತಡೆಗೆ ಒತ್ತಿಕೊಂಡು ಅಲ್ಲೇ ಇರುತ್ತದೆ. ಸರಿಯಿರುವ ಮೀಟರನ್ನು ಸುಮ್ನೆ ಕೆಟ್ಟಿದೆ ಅಂದುಕೊಳ್ಳುತ್ತೀರಿ.