ಬೋರ್‌ವೆಲ್ ನೀರಿನ ಈಜುಕೊಳ ಬೆಳ್ಳಗಾದರೆ ನೀರನ್ನು ಚೆಲ್ಲಬೇಕೆ?

ಪ್ರಶ್ನೆ: ನಮ್ಮದು ಶ್ರೀನಿವಾಸಪುರದ ಬಳಿಯ ಮಾವಿನ ತೋಟದ ಮನೆ. ರಜೆಗೆ ಬರುವ ಮೊಮ್ಮಕ್ಕಳಿಗೆಂದು ನೆಲದ ಮೇಲೆ ಜೋಡಿಸುವ ಹತ್ತಡಿ ಅಗಲದ ಈಜುಕೊಳವನ್ನು ಅಂಗಳದಲ್ಲಿ ಇಟ್ಟಿದ್ದೇವೆ. ಬೋರ್‌ವೆಲ್ ನೀರು ತುಂಬಿಸಿ ಬ್ಲೀಚಿಂಗ್ ಪೌಡರ್ ಹಾಕಿದ ಮಾರನೆಯ ದಿನವೇ ನೀರು ಅಕ್ಕಿ ತೊಳೆದ ಹಾಗೆ ಬೆಳ್ಳಗಾಗುತ್ತದೆ. ಪ್ರತಿ ಸಲವೂ ಚೆಲ್ಲಿ ಹೊಸ ನೀರು ತುಂಬಿಸಬೇಕೆ?

ಉತ್ತರ: ಚೆಲ್ಲಬೇಡಿ. ಹತ್ತಡಿ ಅಗಲ, ಎರಡೂವರೆ ಅಡಿ ಎತ್ತರದ ಕೊಳಕ್ಕೆ ಸುಮಾರು 4,500 ಲೀಟರ್ ನೀರು ಬೇಕು. ಸಾವಿರ ಅಡಿ ಕೊರೆದರೂ ನೀರಿನ ಖಾತರಿಯಿಲ್ಲದ ಕೋಲಾರದ ಸೀಮೆಯಲ್ಲಿ ಅಷ್ಟನ್ನು ವಾರವಾರವೂ ಹೊರಗೆ ಬಿಡುವುದು ಸಲ್ಲದು. ಮೇಲಾಗಿ ಮತ್ತೆ ತುಂಬಿಸುವುದೂ ಅದೇ ನೀರಾದ್ದರಿಂದ ಅದೂ ಬೆಳ್ಳಗೇ ಆಗುತ್ತದೆ.

ಆ ಬಿಳುಪು ಸಾಮಾನ್ಯವಾಗಿ ಕೊಳೆಯಲ್ಲ, ಸುಣ್ಣ. ಆಳದ ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಬೈಕಾರ್ಬನೇಟ್ ಕರಗಿರುತ್ತದೆ. ನೀರು ಮೇಲೆ ಬಂದು ಗಾಳಿಬಿಸಿಲಿಗೆ ತೆರೆದುಕೊಂಡಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಪಿಎಚ್, ಎಂದರೆ ನೀರಿನ ಆಮ್ಲ-ಕ್ಷಾರದ ಅಳತೆ, ಏರುತ್ತದೆ. ಸ್ವತಃ ಸುಣ್ಣದಿಂದಲೇ ತಯಾರಾದ ಬ್ಲೀಚಿಂಗ್ ಪೌಡರ್ ಅದನ್ನು ಇನ್ನಷ್ಟು ಏರಿಸಿದಾಗ, ಕರಗಿದ್ದ ಕ್ಯಾಲ್ಸಿಯಂ ಸಣ್ಣ ಪುಡಿಯಾಗಿ ನೀರಿನಲ್ಲಿ ತೇಲತೊಡಗುತ್ತದೆ. ನಿಮ್ಮ ನೀರೊಲೆಯ ಹಂಡೆಯ ತಳದಲ್ಲಿ ಕಟ್ಟುವ ಬಿಳಿಯ ಚಕ್ಕೆಯೂ ಇದೇ ಪದಾರ್ಥ. ನೀರು ಕಂದು ಬಣ್ಣಕ್ಕೆ ತಿರುಗಿದರೆ ಕಬ್ಬಿಣದ ಅಂಶವೆಂದೂ ಹಸಿರಾದರೆ ಪಾಚಿಯೆಂದೂ ತಿಳಿಯಬೇಕು.

ಆದ್ದರಿಂದ ಮೊದಲು ಕೊಳ್ಳಬೇಕಾದದ್ದು ಪಿಎಚ್ ಮತ್ತು ಕ್ಲೋರಿನ್ ಅಳೆಯುವ ಪಟ್ಟಿಗಳನ್ನು. ಪಿಎಚ್ 7.2ರಿಂದ 7.6ರ ನಡುವೆ ಇರುವಂತೆ, ಈಜುಕೊಳಕ್ಕೆಂದೇ ಮಾರುವ ಪಿಎಚ್ ಇಳಿಸುವ ಪುಡಿಯನ್ನು ಡಬ್ಬಿಯ ಮೇಲಿನ ಅಳತೆಯಂತೆ ಸ್ವಲ್ಪ ಸ್ವಲ್ಪವಾಗಿ ಹಾಕಿ. ಶೌಚಾಲಯ ತೊಳೆಯುವ ಆಸಿಡ್ ಅಗ್ಗವೆಂದು ಅದನ್ನು ಸುರಿಯುವವರಿದ್ದಾರೆ. ಮಕ್ಕಳು ಇಳಿಯುವ ನೀರಿಗೆ ಅದು ತರವಲ್ಲ. ಯಾವುದೇ ಆಮ್ಲವನ್ನು ಬ್ಲೀಚಿಂಗ್ ಪೌಡರಿನಂಥ ಕ್ಲೋರಿನ್ ಪದಾರ್ಥದ ಜೊತೆ ಒಂದೇ ಬಕೆಟ್ಟಿನಲ್ಲಿ ಬೆರೆಸಲೇಬಾರದು, ವಿಷಗಾಳಿ ಏಳುತ್ತದೆ.

ಬ್ಲೀಚಿಂಗ್ ಪೌಡರನ್ನೇ ಬಳಸುವುದಾದರೆ ಅದನ್ನು ನೇರವಾಗಿ ಕೊಳಕ್ಕೆ ಎರಚಬೇಡಿ. ನಿಮ್ಮ ಕೊಳಕ್ಕೆ ಸುಮಾರು 30 ಗ್ರಾಂ ಸಾಕು. ಸಂಜೆ ಒಂದು ಪ್ಲಾಸ್ಟಿಕ್ ಬಕೆಟ್ ನೀರಿಗೆ ಅದನ್ನು ಹಾಕಿ ಕದಡಿ, ಅರ್ಧ ಗಂಟೆ ಬಿಟ್ಟು, ತಳದ ಗಸಿ ಅಲುಗದಂತೆ ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿ ಕೊಳಕ್ಕೆ ಸುರಿಯಬೇಕು. ದ್ರವರೂಪದ ಸೋಡಿಯಂ ಹೈಪೋಕ್ಲೋರೈಟ್ ಸಿಕ್ಕರೆ ಇನ್ನೂ ಒಳ್ಳೆಯದು, ಅದರಲ್ಲಿ ಕ್ಯಾಲ್ಸಿಯಂ ಇರುವುದಿಲ್ಲ. ನೀರಿನಲ್ಲಿ ಕ್ಲೋರಿನ್ ಲೀಟರಿಗೆ 1ರಿಂದ 3 ಮಿಲಿಗ್ರಾಂ ಉಳಿದಿರಬೇಕು. ಹಗಲಿನ ಬಿಸಿಲು ಅದನ್ನು ಕೆಲವೇ ಗಂಟೆಗಳಲ್ಲಿ ತಿಂದುಹಾಕುವುದರಿಂದಲೇ ಸಂಜೆಯ ಹೊತ್ತನ್ನು ಹೇಳಿದ್ದು.

ತೇಲುವ ಪುಡಿಯನ್ನು ಹಿಡಿಯುವುದು ಫಿಲ್ಟರಿನ ಕೆಲಸ. ಪಂಪನ್ನು ದಿನಕ್ಕೆ ಆರೆಂಟು ಗಂಟೆ ಓಡಿಸಿ, ಮೊದಲ ವಾರ ಫಿಲ್ಟರಿನೊಳಗಿನ ಸೋಸುವ ಕಾರ್ಟ್ರಿಜ್ಜನ್ನು ದಿನವೂ ತೊಳೆಯಿರಿ. ಕೊಳ ಹತ್ತುವಲ್ಲಿ ಒಂದು ಟಬ್ ನೀರಿಟ್ಟು ಮಕ್ಕಳ ಕಾಲನ್ನು ಅದ್ದಿಸಿದರೆ ಅಂಗಳದ ಕೆಮ್ಮಣ್ಣಿನ ಬಹುಪಾಲು ಅಲ್ಲಿಯೇ ನಿಲ್ಲುತ್ತದೆ. ಆಟ ಮುಗಿದ ಮೇಲೆ ಏಣಿ ತೆಗೆದು ಕೊಳ ಮುಚ್ಚಿಡಿ. ಮುಚ್ಚಿಗೆಯ ಮೇಲೆ ಮಳೆನೀರು ನಿಂತರೆ ಸೊಳ್ಳೆ ಮರಿಯಾಗಲು ವಾರ ಸಾಕು.

ಮುಂದೆ ಬೇರೆ ಕೊಳ ಕೊಳ್ಳುವುದಾದರೆ ಮೇಲಂಚಿನಲ್ಲಿ ಗಾಳಿ ತುಂಬುವ ಬಳೆಯಿರುವುದಕ್ಕಿಂತ ಲೋಹದ ಚೌಕಟ್ಟಿನದೇ ಮೇಲು. ಜಾಲಿ ಮುಳ್ಳೊಂದು ತಾಗಿ ಬಳೆಯ ಗಾಳಿ ಇಳಿದರೆ ನೀರೆಲ್ಲ ಅಂಗಳದ ಪಾಲು. ನೆಲವನ್ನು ಮಟ್ಟ ಮಾಡಿ, ಮರಳು ಹರಡಿ, ಟಾರ್ಪಾಲ್ ಹಾಸಿದ ಮೇಲೆಯೇ ಕೊಳ ಇಡಿ. ತಾರಸಿಯ ಯೋಚನೆ ಮಾತ್ರ ಬೇಡ: ಓಡಾಡುವ ತಾರಸಿಗೆ ವಿನ್ಯಾಸದಲ್ಲಿ ಲೆಕ್ಕ ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 150 ಕಿಲೋ, ಎರಡಡಿ ನೀರಿನದು 600 ಕಿಲೋ.

ರಜೆ ಮುಗಿದ ಮೇಲೆ ಕ್ಲೋರಿನ್ ನಿಲ್ಲಿಸಿ, ನಾಲ್ಕು ದಿನ ತೆರೆದ ಬಿಸಿಲಿಗೆ ಬಿಟ್ಟು, ಪಟ್ಟಿಯಲ್ಲಿ ಕ್ಲೋರಿನ್ ತೋರದಿದ್ದರೆ ಆ ನೀರನ್ನು ತೆಂಗಿನ ಪಾತಿಗೆ ಹಾಯಿಸಿ.