ಹುಳುಕಡ್ಡಿ: ಹುಳುವೂ ಇಲ್ಲ, ಕಡ್ಡಿಯೂ ಇಲ್ಲ

'ಹುಳುಕಡ್ಡಿ ಎಂಬ ಅಲರ್ಜಿಗೆ ಮನೆಮದ್ದು' ಅನ್ನುವ ತಲೆಬರಹ ಮೊನ್ನೆ ಒಂದು ಆರೋಗ್ಯ ಅಂಕಣದಲ್ಲಿ ಕಣ್ಣಿಗೆ ಬಿತ್ತು. ಪಕ್ಕದಲ್ಲಿದ್ದ ಚಿತ್ರ ಇಸುಬಿನದು, ಅಂದರೆ ಎಕ್ಸಿಮಾದ್ದು. ಒಳಗೆ ಬರೆದಿದ್ದ ಲಕ್ಷಣ ಕಜ್ಜಿಯದು. ಅಂಗೈಯಗಲದ ಜಾಗದಲ್ಲಿ ಇಷ್ಟನ್ನೂ ಕಲಸಿಟ್ಟಿದ್ದರು. ಅದೇ ವಾರ ಹಾಸನದಲ್ಲಿ ಒಂದು ಔಷಧಿ ಅಂಗಡಿ ಮುಂದೆ ನಿಂತಿದ್ದೆ. ಪಂಚೆ ಉಟ್ಟ ಹಿರಿಯರೊಬ್ಬರು ಮೊಣಕೈ ಮುಂದೆ ಚಾಚಿ, "ಹುಳುಕಡ್ಡಿ ಕಣಪ್ಪ, ಒಂದು ಟ್ಯೂಬ್ ಕೊಡು" ಅಂದರು. ಅಂಗಡಿ ಹುಡುಗ ಮೊಣಕೈ ನೋಡಲೇ ಇಲ್ಲ. ಹಿಂದಿನ ಕಪಾಟಿಗೆ ಕೈ ಹಾಕಿ ಟ್ಯೂಬ್ ಇಟ್ಟ, ಅವರು ದುಡ್ಡು ಕೊಟ್ಟರು, ಹೋದರು. ನೋಡಿದವನು ನಾನೊಬ್ಬನೇ. ದಪ್ಪಗೆ ಒಣಗಿದ ತೇಪೆ, ಮೇಲೆ ಬೆಳ್ಳಗೆ ಹೊಳೆಯುವ ಹೊಟ್ಟು, ಇನ್ನೊಂದು ಮೊಣಕೈಯಲ್ಲೂ ಅಂಥದ್ದೇ ಒಂದು ಜೋಡಿ. ನೋಡಿದರೆ ಸೋರಿಯಾಸಿಸ್ ಅನ್ನಿಸುವಂಥದ್ದು. ಹುಳುಕಡ್ಡಿ ಹೀಗೆ ಎರಡೂ ಕಡೆ ತೂಕ ಹಾಕಿದ ಹಾಗೆ ಬರುವುದು ಅಪರೂಪ.

ನವೆ ಬಂದದ್ದಕ್ಕೆಲ್ಲ ಹುಳುಕಡ್ಡಿ ಅನ್ನುವುದು ಜ್ವರ ಬಂದದ್ದಕ್ಕೆಲ್ಲ ಮಲೇರಿಯಾ ಅಂದ ಹಾಗೆ. ಅದು ಒಂದೇ ಒಂದು ಕಾಯಿಲೆಯ ಹೆಸರು. ಚರ್ಮದ ಮೇಲಿನ ಸತ್ತ ಪದರವನ್ನು ತಿಂದು ಬದುಕುವ ಬೂಷ್ಟಿನಿಂದ ಬರುವುದು. ಪಠ್ಯಪುಸ್ತಕದವರು ಶಿಲೀಂಧ್ರ ಅನ್ನುತ್ತಾರೆ. ಹಾಗನ್ನುವವರ ಮನೆಯಲ್ಲೂ ಮಳೆಗಾಲದಲ್ಲಿ ಚಪ್ಪಲಿಗೆ ಬೂಷ್ಟೇ ಹಿಡಿಯುವುದು, ಶಿಲೀಂಧ್ರ ಹಿಡಿದದ್ದನ್ನು ನಾನು ಕೇಳಿಲ್ಲ.

ಹಾಗಾದರೆ ಹೆಸರಿನಲ್ಲಿ ಹುಳು ಯಾಕೆ? ಅದಕ್ಕಿಂತ ಮುಖ್ಯವಾಗಿ, ಕಡ್ಡಿ ಯಾಕೆ? ಕೆಲವರು ಬೆಂಕಿಕಡ್ಡಿಯ ಕಡ್ಡಿ ಅಂತಲೇ ತಿಳಿದು, ಹುಳು ಕಡ್ಡಿಯ ಹಾಗೆ ಚರ್ಮದೊಳಗೆ ಉದ್ದಕ್ಕೆ ಮಲಗಿರುತ್ತದೆ ಎಂದು ಕತೆ ಕಟ್ಟಿದ್ದಾರೆ. ನನಗೆ ಅದು ಸುತರಾಂ ಒಪ್ಪಿಗೆಯಿಲ್ಲ. ಪಕ್ಕದ ಮಲಯಾಳದಲ್ಲಿ ಇದೇ ಕಾಯಿಲೆಗೆ 'ಪುೞುಕ್ಕಡಿ' ಅನ್ನುತ್ತಾರೆ. ಪುೞು ನಮ್ಮ ಹಳಗನ್ನಡದಲ್ಲೂ ಪುೞುವೇ, ಅದೇ ಮುಂದೆ ಹುಳು ಆಯಿತು. ಇನ್ನು ಕಡಿ ಅಂದರೆ ಕಡಿ, ಕಡಿಯುವುದು. ನಾವು ಇವತ್ತಿಗೂ ನವೆಗೆ 'ಮೈ ಕಡೀತಾ ಇದೆ' ಅನ್ನುವುದಿಲ್ಲವೇ? ಹುಳು ಕಡಿದದ್ದು, ಅಥವಾ ಹುಳು ಕಡಿದಂಥ ಕಡಿತ. ಹುಳುಕಡಿ ಬಾಯಿಂದ ಬಾಯಿಗೆ ಹೋಗುತ್ತ ಡಕಾರಕ್ಕೆ ಒತ್ತು ಬಿದ್ದು ಹುಳುಕಡ್ಡಿ ಆಗಿದೆ ಅನ್ನುವುದೇ ನನ್ನ ವಾದ. ಕಡ್ಡಿಗೂ ಇದಕ್ಕೂ ಸಂಬಂಧವಿಲ್ಲ.

ತಮಿಳರು ಹುಳುವಿನ ಗೊಡವೆಗೇ ಹೋಗಲಿಲ್ಲ. ಅವರದು 'ಪಡರ್ ತಾಮರೈ', ಹಬ್ಬುವ ತಾವರೆ. ತೆಲುಗಿನಲ್ಲೂ ತಾಮರ. ದುಂಡಗೆ ಅರಳುತ್ತ ಹೋಗುವುದನ್ನು ಅವರು ನೋಡಿದರು, ಕಡಿತವನ್ನು ನಾವು ನೋಡಿದೆವು. ನಮ್ಮಲ್ಲಿ ಗಜಕರ್ಣ ಅನ್ನುವ ಇನ್ನೊಂದು ಹೆಸರೂ ಉಂಟು, ಆನೆಕಿವಿ. ಸಕಲೇಶಪುರದ ಕಡೆಯವರಿಗೆ ಆನೆಕಿವಿಯ ಅಂಚು ಹೇಗಿರುತ್ತದೆ ಎಂದು ವಿವರಿಸಬೇಕಾಗಿಲ್ಲ.

ಸಂಸ್ಕೃತದ ಹೆಸರು ದದ್ರು. ಪ್ರಾಕೃತದಲ್ಲಿ ಅದು ದದ್ದು ಆಯಿತು, ಹಿಂದಿಯಲ್ಲಿ ದಾದ್ ಆಯಿತು. ಇಂಗ್ಲಿಷಿನವರ ಹಳೆಯ ಮಾತು 'ಟೆಟರ್' ಕೂಡ ಅದೇ ಬೇರಿನದು. ಕನ್ನಡಕ್ಕೆ ಬಂದ ದದ್ದು ಮಾತ್ರ ದಾರಿ ತಪ್ಪಿತು. ಸೊಳ್ಳೆ ಕಚ್ಚಿ ಊದಿದರೂ ದದ್ದು, ಸೀಗಡಿ ತಿಂದು ಮೈ ಉಬ್ಬಿದರೂ ದದ್ದು. ಹುಟ್ಟಿನಿಂದ ಹುಳುಕಡ್ಡಿಯಾಗಿದ್ದ ಪದ ಕೊನೆಗೆ ಹುಳುಕಡ್ಡಿಯೊಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಬಳಕೆಗೆ ಬಂತು. ಹೊಲದ ಬದುವಿನಲ್ಲಿ ಮಳೆ ಬಿದ್ದೊಡನೆ ಏಳುವ ತಗಚೆ ಗಿಡಕ್ಕೆ ಆಯುರ್ವೇದದವರು ದದ್ರುಘ್ನ ಅನ್ನುತ್ತಾರೆ, ಚಕ್ರಮರ್ದ ಅಂತಲೂ ಅನ್ನುತ್ತಾರೆ. ಚಕ್ರವನ್ನು ತಿಕ್ಕಿ ಅಳಿಸುವುದು. ಹೆಸರಿಟ್ಟವರು ಕಾಯಿಲೆಯ ಆಕಾರವನ್ನು ಸರಿಯಾಗಿಯೇ ನೋಡಿದ್ದರು. ಅದೇ ಶಾಸ್ತ್ರ ದದ್ರುವನ್ನು ಹದಿನೆಂಟು ಕುಷ್ಠಗಳಲ್ಲಿ ಒಂದಾಗಿ ಎಣಿಸುತ್ತದೆ. ಚರಕನಿಗೆ ಅದು ಕ್ಷುದ್ರ ಕುಷ್ಠ, ಸುಶ್ರುತನಿಗೆ ಮಹಾಕುಷ್ಠ. ಆಗ ಕುಷ್ಠ ಅಂದರೆ ಚರ್ಮರೋಗಗಳ ಇಡೀ ಕುಲ. ಈಗ ಒಂದೇ ರೋಗಕ್ಕೆ ಅಂಟಿಕೊಂಡಿದೆ. ಹಳೆಯ ಶ್ಲೋಕ ಹಿಡಿದುಕೊಂಡು ಈಗಿನ ಅರ್ಥದಲ್ಲಿ ಭಾಷಣ ಮಾಡುವವರು ಇದನ್ನು ಸ್ವಲ್ಪ ಗಮನಿಸಿದರೆ ಒಳ್ಳೆಯದು.

ಇಷ್ಟು ಹೊತ್ತು ಪದವನ್ನೇ ಹಿಡಿದು ಜಗ್ಗಿದ್ದಕ್ಕೆ ಕಾರಣವಿದೆ. ನಮ್ಮ ಮಲೆನಾಡಿನ ಬೆಳೆಗಾರರಿಗೆ ಹುಳುವೂ ಬೂಷ್ಟೂ ಬೇರೆ ಬೇರೆ ಎಂದು ಯಾರೂ ಕಲಿಸಬೇಕಿಲ್ಲ. ಅರೇಬಿಕಾ ಗಿಡ ಸೊರಗಿತು ಅಂದರೆ ಕಾಂಡದ ಸಿಪ್ಪೆ ಸವರಿ, ಉಬ್ಬು ಗೆರೆ ಕಂಡರೆ ಬಿಳಿ ಕಾಂಡಕೊರಕ ಅನ್ನುತ್ತಾರೆ. ಎಲೆ ಮಗುಚಿ ಕಿತ್ತಳೆ ಹುಡಿ ಕಂಡರೆ ಎಲೆ ತುಕ್ಕು. ಅಡಿಕೆಗೆ ಕೊಳೆ ಬಂದರೆ ಬೂಷ್ಟಿನ ಮದ್ದಾದ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಕಾಂಡಕೊರಕಕ್ಕೆ ಬೋರ್ಡೋ ಹೊಡೆಯುವವನನ್ನು ಊರೇ ನಗುತ್ತದೆ. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರವಿದೆ, ಅನುಮಾನ ಬಂದರೆ ಎಲೆ ಕಟ್ಟಿಕೊಂಡು ಹೋಗಿ ತೋರಿಸಿದವರೂ ಇದ್ದಾರೆ. ಅದೇ ಜನ ತಮ್ಮ ತೊಡೆಸಂದಿಗೆ ಬಂದದ್ದನ್ನು ಮಾತ್ರ ಯಾರಿಗೂ ತೋರಿಸದೆ 'ಹುಳು' ಅನ್ನುತ್ತಾರೆ.

ನಮ್ಮ ಚಿಕ್ಕಪ್ಪನ ಮಗನ ಸಂಗತಿಯೂ ಇದೇ. ಹಾನ್‌ಬಾಳಿನ ಕಡೆ ತೋಟ ನೋಡಿಕೊಂಡಿದ್ದಾನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರೈನ್‌ಕೋಟು, ಒಳಗೆ ಬೆವರು, ಒಣಗದ ಚಡ್ಡಿ, ಗಂಬೂಟು. ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ತೋಟ ಬೇಕೆ? ಸೊಂಟದಲ್ಲಿ ಒಂದು ರೂಪಾಯಿ ಅಗಲದ ಉಂಗುರ ಎದ್ದಾಗ ಅಂಗಡಿಯಿಂದ ಟ್ಯೂಬ್ ತಂದ. ನಾಲ್ಕು ದಿನಕ್ಕೆ ನವೆ ನಿಂತಿತು, ಬಿಟ್ಟ. ಹತ್ತು ದಿನಕ್ಕೆ ಮತ್ತೆ ಬಂತು, ಮತ್ತೆ ಹಚ್ಚಿದ. ದೀಪಾವಳಿ ಹೊತ್ತಿಗೆ ಉಂಗುರದೊಳಗೆ ಉಂಗುರ ಬಂದು, ಸೊಂಟದ ಸುತ್ತ ಮಳೆನೀರಿಗೆ ಕಲ್ಲು ಎಸೆದ ಹಾಗೆ ಆಗಿತ್ತು. ತೊಡೆಸಂದಿಯ ಚರ್ಮ ತೆಳ್ಳಗಾಗಿ, ಬಸುರಿ ಹೊಟ್ಟೆಯ ಮೇಲಿನಂಥ ಗೀರುಗಳು ಬಿದ್ದಿದ್ದವು.

ಟ್ಯೂಬಿನ ಹಿಂದೆ ಸಣ್ಣಕ್ಷರದಲ್ಲಿ ಬರೆದದ್ದನ್ನು ಓದಿದೆ. ಬೂಷ್ಟಿಗೆ ಒಂದು, ಬ್ಯಾಕ್ಟೀರಿಯಾಕ್ಕೆ ಒಂದು, ಜೊತೆಗೆ ಕ್ಲೋಬೆಟಸಾಲ್. ಈ ಮೂರನೆಯದು ಬಲವಾದ ಸ್ಟೀರಾಯ್ಡ್. ಅದು ಬೂಷ್ಟನ್ನು ಕೊಲ್ಲುವುದಿಲ್ಲ. ಬೂಷ್ಟಿನ ಮೇಲೆ ಮೈ ಮಾಡುವ ಜಗಳವನ್ನು ನಿಲ್ಲಿಸುತ್ತದೆ. ಜಗಳ ನಿಂತರೆ ನವೆ ನಿಲ್ಲುತ್ತದೆ, ಕೆಂಪು ಇಳಿಯುತ್ತದೆ, ಕಳ್ಳ ಒಳಗೇ ಉಂಡು ಮಲಗುತ್ತಾನೆ. ಹೀಗೆ ಅಂಚು ಅಳಿಸಿಹೋಗಿ ಗುರುತೇ ಸಿಗದಂತಾದ ಹುಳುಕಡ್ಡಿಗೆ ಡಾಕ್ಟರುಗಳು 1968ರಿಂದಲೇ 'ಟಿನಿಯಾ ಇನ್‌ಕಾಗ್ನಿಟೊ' ಅನ್ನುತ್ತಿದ್ದಾರೆ, ಅಂದರೆ ಮಾರುವೇಷದ ಟಿನಿಯಾ. ಟಿನಿಯಾ ಅನ್ನುವುದು ಹುಳುಕಡ್ಡಿಗೆ ಅವರಿಟ್ಟ ಹೆಸರು. ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು 2018ರಲ್ಲಿ ಕೇಂದ್ರ ಸರ್ಕಾರ ಷೆಡ್ಯೂಲ್ ಎಚ್‌ಗೆ ಸೇರಿಸಿತು, ಚೀಟಿ ಇಲ್ಲದೆ ಮಾರಬಾರದು ಎಂದು. ಮೇಲೆ ಹೇಳಿದ ಅಂಗಡಿಯ ಹುಡುಗ ಚೀಟಿ ಕೇಳಿದ್ದನ್ನು ನಾನಂತೂ ಕಾಣಲಿಲ್ಲ.

ಗುರುತು ಹಿಡಿಯುವುದು ಹೇಗೆ ಅಂದರೆ, ಅಂಚು ನೋಡಿ. ಹುಳುಕಡ್ಡಿಯ ಜೀವವೆಲ್ಲ ಅಂಚಿನಲ್ಲಿರುತ್ತದೆ. ಬೂಷ್ಟು ತಿನ್ನುತ್ತ ಹೊರಗೆ ಸರಿದಂತೆ ನಡುವಿನ ಚರ್ಮ ತಿಳಿಯಾಗುತ್ತ ಬರುತ್ತದೆ. ಗದ್ದೆಗೆ ಬೆಂಕಿ ಹಚ್ಚಿದಾಗ ನಡುವೆ ಬೂದಿ, ಸುತ್ತ ಉರಿ ಇರುವಂತೆ. ಅಂಚು ಸ್ವಲ್ಪ ಎತ್ತರ, ಕೆಂಪು, ಮೇಲೆ ಸಣ್ಣ ಹೊಟ್ಟು, ಕೆಲವೊಮ್ಮೆ ಚಿಕ್ಕ ಗುಳ್ಳೆಗಳ ಸಾಲು. ಇಸುಬಿಗೆ ಇಂಥ ಬೇಲಿ ಇರುವುದಿಲ್ಲ. ಅದು ನಡುವೆಯೇ ಜೋರು, ನೀರೊಸರುತ್ತದೆ, ಹಕ್ಕಳೆ ಕಟ್ಟುತ್ತದೆ, ಹಳೆಯದಾದರೆ ಚರ್ಮ ದಪ್ಪವಾಗಿ ಗೆರೆಗಳು ಎದ್ದು ಕಾಣುತ್ತವೆ. ಅಂಚು ಎಲ್ಲಿ ಮುಗಿಯಿತು ಎಂದು ಬೆರಳಿಟ್ಟು ತೋರಿಸಲು ಬರುವುದಿಲ್ಲ. ಇಸುಬಿನಲ್ಲೂ ನಾಣ್ಯದಂತೆ ದುಂಡಗಿರುವ ಒಂದು ಜಾತಿಯಿದೆ, ಅದು ಎಂಥವರನ್ನೂ ಏಮಾರಿಸುತ್ತದೆ. ಅದಕ್ಕೇ ಹೆರೆದು ನೋಡುವುದು.

ಆ ಹೆರೆಯುವ ಪರೀಕ್ಷೆಯನ್ನು ಹಾಸನದಲ್ಲಿ ಹಾನ್‌ಬಾಳಿನ ಆ ತಮ್ಮನ ಜೊತೆ ಕೂತು ನೋಡಿದೆ. ಡಾಕ್ಟರು ಮೊಂಡು ಬ್ಲೇಡಿನಿಂದ ಅಂಚಿನ ಹೊಟ್ಟನ್ನು ಗಾಜಿನ ಮೇಲೆ ಉದುರಿಸಿ, ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ಒಂದು ತೊಟ್ಟು ಬಿಟ್ಟು, ಸ್ವಲ್ಪ ಹೊತ್ತು ಬಿಟ್ಟರು. ಆ ದ್ರಾವಣ ಚರ್ಮದ ಕಣಗಳನ್ನು ಕರಗಿಸುತ್ತದೆ, ಬೂಷ್ಟಿನ ಎಳೆ ಹಾಗೇ ಉಳಿಯುತ್ತದೆ. "ನೋಡಿ ಇವ್ರೆ" ಎಂದು ಸೂಕ್ಷ್ಮದರ್ಶಕ ಅವನ ಕಡೆ ತಿರುಗಿಸಿದರು. ಅವನು ಒಂದು ಕಣ್ಣು ಮುಚ್ಚಿ ಬಗ್ಗಿದ. "ಅಣ್ಣ, ಹುಳ ಎಲ್ಲೂ ಕಾಣಲ್ಲ. ಬೇರಿದ್ದಂಗೆ ಐತೆ." ನಾನೂ ನೋಡಿದೆ. ಗಾಜಿನಂತೆ ತಿಳಿಯಾದ ಸಣ್ಣ ಎಳೆಗಳು, ಅಲ್ಲಲ್ಲಿ ಕವಲು, ನಡುನಡುವೆ ಗೆಣ್ಣು ಹಾಕಿದಂಥ ಅಡ್ಡಗೆರೆ. ಇವನ ಮೂರು ತಿಂಗಳ ನಿದ್ದೆ ಕೆಡಿಸಿದ್ದು ಅದು.

ನಿಜವಾಗಿ ಪ್ರಾಣಿ ಒಳಗಿರುವ ಕಾಯಿಲೆ ಯಾವುದು ಗೊತ್ತೆ? ಕಜ್ಜಿ. ಒಂದು ಮಿಲಿಮೀಟರಿನ ಅರ್ಧಕ್ಕಿಂತಲೂ ಚಿಕ್ಕದಾದ ನುಸಿ ಚರ್ಮದಲ್ಲಿ ಬಿಲ ಕೊರೆದು ಮೊಟ್ಟೆ ಇಡುತ್ತದೆ. ಇಟಲಿಯ ಬೊನೋಮೊ 1687ರಲ್ಲೇ ಅದನ್ನು ಬರೆದು ತೋರಿಸಿದ. ಹುಳುಕಡ್ಡಿ ಅನ್ನುವ ಹೆಸರು ಯಾವುದಕ್ಕಾದರೂ ಸಲ್ಲುವುದಿದ್ದರೆ ಇದಕ್ಕೆ ಸಲ್ಲಬೇಕಿತ್ತು, ನಮ್ಮವರು ಇದಕ್ಕೆ ಕೊಡಲಿಲ್ಲ. ಬೆರಳ ಸಂದಿ, ಮಣಿಕಟ್ಟು, ಹೊಕ್ಕಳ ಸುತ್ತ, ರಾತ್ರಿ ಹೊದ್ದು ಮಲಗಿದಾಗ ನವೆ ಜಾಸ್ತಿ, ಒಬ್ಬರಿಗೆ ಬಂದದ್ದು ಮನೆಮಂದಿಗೆಲ್ಲ. ತೋಟದ ಆಳುಗಳ ಲೈನ್ ಮನೆಯಲ್ಲಿ ಎಲ್ಲರೂ ಕೆರೆದುಕೊಳ್ಳುತ್ತಿದ್ದರೆ ಅದನ್ನು 'ಮಳೆ ಅಲರ್ಜಿ' ಅನ್ನಬೇಡಿ. ಪರ್ಮೆಥ್ರಿನ್ ಮುಲಾಮನ್ನು ಎಲ್ಲರೂ ಒಂದೇ ರಾತ್ರಿ, ಕತ್ತಿನಿಂದ ಕಾಲಿನವರೆಗೆ ಹಚ್ಚಿಕೊಳ್ಳಬೇಕು. ಕೆರೆದ ಜಾಗಕ್ಕಷ್ಟೇ ಹಚ್ಚಿದರೆ ನುಸಿ ಪಕ್ಕದ ಕೋಣೆಗೆ ಹೋಗುತ್ತದೆ.

ಅಲರ್ಜಿ ಪದದ ಮೇಲೂ ಸಿಟ್ಟಿದೆ, ಚಿಕ್ಕದಾಗಿ ಹೇಳುತ್ತೇನೆ. ಪಿತ್ತದ ಗಂಧೆ ಅನ್ನುತ್ತೇವಲ್ಲ, ಅದರ ಒಂದು ಉಬ್ಬಿನ ಸುತ್ತ ಪೆನ್ನಿನಲ್ಲಿ ಗೆರೆ ಎಳೆಯಿರಿ. ಮಾರನೆಯ ದಿನ ಗೆರೆ ಇರುತ್ತದೆ, ಉಬ್ಬು ಇರುವುದಿಲ್ಲ, ಇನ್ನೆಲ್ಲೋ ಎದ್ದಿರುತ್ತದೆ. ವಾರಗಟ್ಟಲೆ ಒಂದೇ ಕಡೆ ಬೇರು ಬಿಟ್ಟು ಕೂತದ್ದು ಗಂಧೆ ಅಲ್ಲ.

ಬಿಳಿ ಕಲೆಗಳ ವಿಷಯದಲ್ಲಂತೂ ತಪ್ಪು ಪದ ಮದುವೆಗಳನ್ನೇ ಮುರಿದಿದೆ. ಎದೆ, ಬೆನ್ನ ಮೇಲೆ ಮಾಸಲು ಕಲೆ ಬಿದ್ದು, ಉಗುರಿನಿಂದ ಕೆರೆದರೆ ಸಣ್ಣ ಹೊಟ್ಟು ಉದುರಿದರೆ ಅದು ಚಿಬ್ಬು. ಹಾಲಿನಂತೆ ಬೆಳ್ಳಗೆ, ನುಣ್ಣಗೆ, ಹೊಟ್ಟಿಲ್ಲದೆ ಇದ್ದರೆ ತೊನ್ನು. ತೊನ್ನು ಯಾರಿಗೂ ಅಂಟುವುದಿಲ್ಲ, ಕುಷ್ಠದ ನೆಂಟನೂ ಅಲ್ಲ. ಮಾಸಲು ಕಲೆಯ ಮೇಲೆ ಮುಟ್ಟಿದ್ದು ಗೊತ್ತಾಗದಿದ್ದರೆ, ಚುಚ್ಚಿದರೂ ನೋಯದಿದ್ದರೆ ಮಾತ್ರ ಕುಷ್ಠದ ಅನುಮಾನ ಪಡಬೇಕು, ಮತ್ತು ಅಂಥ ಕಲೆಗೆ ನವೆ ಇರುವುದಿಲ್ಲ ಅನ್ನುವ ಕಾರಣಕ್ಕೇ ಜನ ಅದನ್ನು ಬಿಟ್ಟುಬಿಡುತ್ತಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಅದರ ಮದ್ದು ಪುಕ್ಕಟೆ, ಪೂರ್ತಿ ವಾಸಿಯಾಗುತ್ತದೆ. ನವೆ ಬಂದರೆ ಗಾಬರಿಯಾಗಿ ಟ್ಯೂಬಿಗೆ ಓಡುವವರು ನವೆಯಿಲ್ಲದ ಕಲೆಗೆ ಓಡಬೇಕಿತ್ತು.

ತಮ್ಮನಿಗೆ ಮಾತ್ರೆ ಕೊಟ್ಟರು, ಬರೀ ಬೂಷ್ಟಿನ ಮುಲಾಮು ಕೊಟ್ಟರು. ಕಲೆ ಹೋದ ಮೇಲೂ ಎರಡು ವಾರ ಹಚ್ಚಬೇಕು, ಅದೂ ಉಂಗುರದ ಆಚೆ ಎರಡು ಬೆರಳು ದಾಟಿ. ಚಡ್ಡಿ ಒಗೆದು ಬಿಸಿಲಿಗೆ ಹಾಕಬೇಕು, ಬಿಸಿಲಿಲ್ಲದಿದ್ದರೆ ಇಸ್ತ್ರಿ. ಮನೆಯಲ್ಲಿ ಯಾರಿಗಿದ್ದರೂ ಕರೆತರಬೇಕು ಅಂದರು. ಹುಳುಕಡ್ಡಿ ಈಚೆಗೆ ಮೊದಲಿನಂತೆ ಬೇಗ ಬಗ್ಗುವುದಿಲ್ಲ ಅಂತಲೂ ಎಚ್ಚರಿಸಿದರು. ಬೂಷ್ಟಿನ ಮದ್ದಾದ ಟರ್ಬಿನಾಫಿನ್‌ಗೆ ಜಗ್ಗದ ಒಂದು ಜಾತಿ ನಮ್ಮ ದೇಶದಲ್ಲಿ ಹಬ್ಬಿದೆ.

ಹೊರಗೆ ಬಂದ ಮೇಲೆ ಅವನು ಚೀಟಿ ತಿರುಗಿಸಿ ತಿರುಗಿಸಿ ನೋಡಿ, "ಟಿನಿಯಾ ಅಂತ ಬರ್ದವ್ರೆ. ನೋಡಣ್ಣ, ಹುಳುಕಡ್ಡಿ ಅಂತ ಬರ್ದೇ ಇಲ್ಲ" ಅಂದ. ನಾನು ಹೂಂ ಅಂದು ಸುಮ್ಮನಾದೆ. ಟಿನಿಯಾ ಅಂದರೆ ಲ್ಯಾಟಿನ್‌ನಲ್ಲಿ ಬಟ್ಟೆ ತಿನ್ನುವ ಹುಳು. ಅದೂ ಸಾಲದೆಂದು, ಆ ಮೊಂಡು ಜಾತಿಗೆ 2020ರಲ್ಲಿ ಇಟ್ಟ ಹೊಸ ಹೆಸರು ಟ್ರೈಕೊಫೈಟಾನ್ ಇಂಡೋಟಿನಿಯೇ. ಬಿಡಿಸಿ ಓದಿದರೆ ಅದರೊಳಗೂ ಇಂಡಿಯಾದ ಒಂದು ಹುಳು ಕೂತಿದೆ.